ಜರ್ಮನ್ ಕಲಿಯುವಾಗ ಆಗುವ ವ್ಯಾಕರಣದ ತಪ್ಪುಗಳು: ಇಂಗ್ಲಿಷ್ ಬದಿಗಿಡಿ, ಕನ್ನಡ ಪಕ್ಕದಲ್ಲಿಟ್ಟುಕೊಳ್ಳಿ

ಡಿಸೆಂಬರ್ ತಿಂಗಳ ಬೆಳಗಿನ ಬ್ಯಾಚು. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೈ ಉಜ್ಜಿಕೊಳ್ಳುತ್ತಾ ಒಳಗೆ ಬಂದು "ಇಶ್ ಬಿನ್ ಕಾಲ್ಟ್" ಎಂದ. ಇಂಗ್ಲಿಷ್ ವಾಕ್ಯವನ್ನು ಒಂದೊಂದೇ ಪದವಾಗಿ ಜರ್ಮನ್‌ಗೆ ತಿರುಗಿಸಿದ್ದ. ಜರ್ಮನ್ನರ ಕಿವಿಗೆ ಅದು "ನಾನು ಭಾವನೆ ಇಲ್ಲದ ತಣ್ಣನೆ ಮನುಷ್ಯ" ಎಂದು ಕೇಳಿಸುತ್ತದೆ. ಅವನು ಹೇಳಬೇಕಿದ್ದದ್ದು "ಮೀರ್ ಇಸ್ಟ್ ಕಾಲ್ಟ್". ಮೀರ್ ಅಂದರೆ ನನಗೆ. ನನಗೆ ಚಳಿ ಆಗ್ತಿದೆ. ಮನೆಯಲ್ಲಿ ಅಮ್ಮನ ಹತ್ತಿರ ಅವನು ದಿನಾ ಹೇಳುವ ಮಾತಿನ ರಚನೆಯೇ ಅದು. ಆದರೆ ಜರ್ಮನ್ ಪುಸ್ತಕ ತೆಗೆದ ಕೂಡಲೇ ಕನ್ನಡ ಮರೆತು ಇಂಗ್ಲಿಷ್ ದಾರಿ ಹಿಡಿದ.

ಕೆಲವು ವರ್ಷಗಳಿಂದ ಕಾಲೇಜು ವಿದ್ಯಾರ್ಥಿಗಳಿಗೆ ಜರ್ಮನ್ ಹೇಳಿಕೊಡುತ್ತಿದ್ದೇನೆ. ಉತ್ತರ ಪತ್ರಿಕೆ ತಿದ್ದಿ ತಿದ್ದಿ ಒಂದು ವಿಷಯ ನನಗೆ ಖಚಿತವಾಗಿದೆ. ನಮ್ಮ ಮಕ್ಕಳ ತಪ್ಪುಗಳಲ್ಲಿ ದೊಡ್ಡ ಪಾಲು ಜರ್ಮನ್ ಕಷ್ಟ ಅಂತ ಆಗುವುದಲ್ಲ. ಇಂಗ್ಲಿಷ್ ಮೂಲಕ ಹೋಗುವುದರಿಂದ ಆಗುತ್ತದೆ. ಕನ್ನಡದಲ್ಲಿ ವಿಭಕ್ತಿ ಇದೆ, ವಾಕ್ಯದ ಕೊನೆಗೆ ಬರುವ ಕ್ರಿಯಾಪದ ಇದೆ, ನೀನು ಮತ್ತು ನೀವು ಇದೆ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ನಾವು ಇವೇನೂ ಇಲ್ಲದ ಭಾಷೆಯ ಹೆಗಲ ಮೇಲೆ ಕೈ ಹಾಕುತ್ತೇವೆ. ಹಾಗಂತ ಕನ್ನಡ ಎಲ್ಲ ಕಡೆ ಕಾಪಾಡುತ್ತದೆ ಎಂದಲ್ಲ. ಕೆಲವು ಕಡೆ ಅದೂ ದಾರಿ ತಪ್ಪಿಸುತ್ತದೆ. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಜರ್ಮನ್ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಲ್ಲ ಸದ್ದೂ ನಮ್ಮ ಲಿಪಿಯಲ್ಲಿ ಕೂರುವುದಿಲ್ಲ. "ಇಶ್" ಪದದ ಕೊನೆಯ ಸದ್ದು ನಮ್ಮ ಶ ಗಿಂತ ಮೆದು. ಸರಿಯಾದ ಕಾಗುಣಿತವನ್ನು ನಿಮ್ಮ ಪಠ್ಯಪುಸ್ತಕ ನೋಡಿ ಪಕ್ಕದಲ್ಲಿ ಬರೆದುಕೊಳ್ಳಿ. ಹಾಗೆ ಬರೆಯುವಾಗ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗಬೇಕು ಎನ್ನುವುದು ನೆನಪಿರಲಿ.

ಹೆಜ್ಜೆ 1: ಬರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ

ವಾಕ್ಯ ಬರೆಯುವ ಮುಂಚೆ ಅದನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿ ನೋಡಿ. ಅದರಲ್ಲಿ "ನನಗೆ", "ಅವನಿಗೆ" ಎಂದು ಬಂತಾ? ಬಂದರೆ ಒಂದು ಕ್ಷಣ ನಿಲ್ಲಿ. ಅಲ್ಲಿ ಜರ್ಮನ್‌ನಲ್ಲೂ ಡಾಟಿವ್, ಅಂದರೆ ನಮ್ಮ ಚತುರ್ಥಿ, ಬರುವ ಸಾಧ್ಯತೆ ಜಾಸ್ತಿ.

ನನಗೆ ಬೋರ್ ಆಗ್ತಿದೆ: "ಮೀರ್ ಇಸ್ಟ್ ಲಾಂಗ್‌ವೈಲಿಶ್". ಇದನ್ನೇ "ಇಶ್ ಬಿನ್ ಲಾಂಗ್‌ವೈಲಿಶ್" ಎಂದು ಬರೆದರೆ "ನಾನೇ ಬೋರು ಹೊಡೆಸುವವನು" ಎಂದಾಗುತ್ತದೆ. ಈ ಊರು ನನಗೆ ಇಷ್ಟ: "ಡೀ ಶ್ಟಾಟ್ ಗೆಫೆಲ್ಟ್ ಮೀರ್". ಈ ಪುಸ್ತಕ ನನಗೆ ಸೇರಿದ್ದು: "ಡಾಸ್ ಬೂಖ್ ಗೆಹೋರ್ಟ್ ಮೀರ್". ಹೇಗಿದ್ದೀಯ ಎಂದು ಕೇಳಿದಾಗ "ಇಶ್ ಬಿನ್ ಗೂಟ್" ಅನ್ನುವುದು ಮೊದಲ ತಿಂಗಳಲ್ಲಿ ಎಲ್ಲರೂ ಮಾಡುವ ತಪ್ಪು. ಸರಿಯಾದದ್ದು "ಮೀರ್ ಗೇಟ್ ಎಸ್ ಗೂಟ್".

ಇದೇ ಪರೀಕ್ಷೆ ಕ್ರಿಯಾಪದಗಳಿಗೂ ಆಗುತ್ತದೆ. ಇಂಗ್ಲಿಷಿನಲ್ಲಿ ಸಹಾಯ ಮಾಡುವುದು, ಕೇಳುವುದು, ಉತ್ತರಿಸುವುದು ಎಲ್ಲಕ್ಕೂ ಒಂದೇ ರೂಪ. ಅದಕ್ಕೇ ವಿದ್ಯಾರ್ಥಿಗಳು "ಇಶ್ ಹೆಲ್ಫೆ ಡಿಶ್" ಎಂದು ಬರೆಯುತ್ತಾರೆ. ಡಿಶ್ ಅಂದರೆ ನಿನ್ನನ್ನು. ನಿನ್ನನ್ನು ಸಹಾಯ ಮಾಡುತ್ತೇನೆ ಎಂದು ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? ನಿನಗೆ ಸಹಾಯ ಮಾಡುತ್ತೇನೆ: "ಇಶ್ ಹೆಲ್ಫೆ ಡೀರ್". ಅವನಿಗೆ ಹೇಳುತ್ತೇನೆ: "ಇಶ್ ಝಾಗೆ ಈಮ್". ಅವನನ್ನು ಕೇಳುತ್ತೇನೆ: "ಇಶ್ ಫ್ರಾಗೆ ಈನ್". ಹೇಳು ಎನ್ನುವುದಕ್ಕೆ "ಗೆ", ಕೇಳು ಎನ್ನುವುದಕ್ಕೆ "ಅನ್ನು". ಎರಡು ಭಾಷೆಯೂ ಇಲ್ಲಿ ಒಂದೇ ಹಾದಿಯಲ್ಲಿ ನಡೆಯುತ್ತವೆ. ಉತ್ತರ ಕರ್ನಾಟಕದವರು "ಅವನಿಗೆ ಕೇಳು" ಎನ್ನುವುದೂ ಉಂಟು. ಅವರು ಈ ಒಂದು ಕ್ರಿಯಾಪದದ ಬಗ್ಗೆ ಹುಷಾರಾಗಿರಬೇಕು.

ಈಗ ಕನ್ನಡ ಕೈಕೊಡುವ ಜಾಗಗಳು. ನನಗೆ ಹಸಿವು, ನನಗೆ ಜ್ವರ, ನನಗೆ ಸಮಯ ಇಲ್ಲ, ನನಗೆ ಒಬ್ಬ ಅಣ್ಣ ಇದ್ದಾನೆ. ಇವುಗಳಿಗೆ ಜರ್ಮನ್‌ನಲ್ಲಿ "ಇಶ್ ಹಾಬೆ" ಬೇಕು: "ಇಶ್ ಹಾಬೆ ಹುಂಗರ್", "ಇಶ್ ಹಾಬೆ ಫೀಬರ್". ನನಗೆ ಜರ್ಮನ್ ಬರುತ್ತೆ ಎನ್ನಲು "ಇಶ್ ಕಾನ್ ಡೊಯ್ಚ್". ನನಗೆ ಕಾಫಿ ಬೇಕು ಎನ್ನಲು "ಇಶ್ ಮೋಶ್ಟೆ ಐನೆನ್ ಕಾಫೆ". ಅವನಿಗೆ ಫೋನ್ ಮಾಡುತ್ತೇನೆ ಎನ್ನುವಾಗ ನಮ್ಮಲ್ಲಿ "ಗೆ" ಇದ್ದರೂ ಅಲ್ಲಿ ಅಕುಸಾಟಿವ್, ಅಂದರೆ ನಮ್ಮ ದ್ವಿತೀಯಾ: "ಇಶ್ ರೂಫೆ ಈನ್ ಆನ್". ಈ ಅಪವಾದಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ. ಪಟ್ಟಿ ತುಂಬ ಉದ್ದ ಆಗುವುದಿಲ್ಲ.

ಹೆಜ್ಜೆ 2: ಕ್ರಿಯಾಪದಕ್ಕೆ ಅದರ ಜಾಗ ಕೊಡಿ

ಜರ್ಮನ್ ವಾಕ್ಯದಲ್ಲಿ ಕ್ರಿಯಾಪದದ ಜಾಗವೇ ಮುಖ್ಯ. ಪ್ರತ್ಯಯ ಒಂದು ತಪ್ಪಾದರೆ ಎದುರಿಗಿರುವವರು ಅರ್ಥ ಮಾಡಿಕೊಳ್ಳುತ್ತಾರೆ. ಕ್ರಿಯಾಪದ ಜಾಗ ತಪ್ಪಿದರೆ ಮಾತು ಎಡವುತ್ತದೆ. ಅದಕ್ಕೆ ನಾನು ಈ ಹೆಜ್ಜೆಯ ಮೇಲೆ ಎಲ್ಲಕ್ಕಿಂತ ಜಾಸ್ತಿ ಸಮಯ ಕಳೆಯುತ್ತೇನೆ.

ಸಾಧಾರಣ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರುತ್ತದೆ. ಇದು ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಹಾಗಾಗಿ ಇದನ್ನು ಹೊಸದಾಗಿಯೇ ಕಲಿಯಬೇಕು. ಇವತ್ತು ಹೋಗ್ತೀನಿ ಎನ್ನಲು "ಹೊಯ್ಟೆ ಇಶ್ ಗೇಎ" ತಪ್ಪು. "ಹೊಯ್ಟೆ ಗೇಎ ಇಶ್" ಸರಿ. ಎರಡನೇ ಜಾಗ ಅಂದರೆ ಎರಡನೇ ಪದ ಅಲ್ಲ ಎನ್ನುವುದನ್ನು ಗಮನಿಸಿ. "ಕ್ಲಾಸ್ ಮುಗಿದ ಮೇಲೆ" ಎನ್ನುವ ಇಡೀ ತುಂಡು ಒಂದು ಜಾಗ: "ನಾಖ್ ಡೇರ್ ಫೋರ್‌ಲೇಝುಂಗ್ ಗೇಎ ಇಶ್ ನಾಖ್ ಹೌಝೆ". ಮೊದಲ ಮೂರು ಪದ ಸೇರಿ ಒಂದು. ನಂತರ ಕ್ರಿಯಾಪದ. ಆಮೇಲೆ ಕರ್ತೃ. ಉಂಡ್ (ಮತ್ತು), ಆಬರ್ (ಆದರೆ), ಓಡರ್ (ಅಥವಾ), ಡೆನ್ (ಏಕೆಂದರೆ), ಝೊಂಡರ್ನ್ (ಬದಲಿಗೆ) ಎಂಬ ಐದು ಪದಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅವು ಸಾಲಿನ ಹೊರಗೆ ನಿಂತಿರುತ್ತವೆ.

ಉಳಿದ ತುಂಡುಗಳ ಸಾಲಿಗೆ ಬಂದರೆ ಮತ್ತೆ ಕನ್ನಡ ನೆರವಿಗೆ ಬರುತ್ತದೆ. ನಾನು ನಾಳೆ ಟ್ರೈನಲ್ಲಿ ಮೈಸೂರಿಗೆ ಹೋಗ್ತೀನಿ. ಮೊದಲು ಯಾವಾಗ, ಆಮೇಲೆ ಹೇಗೆ, ಕೊನೆಗೆ ಎಲ್ಲಿಗೆ. ಜರ್ಮನ್‌ನಲ್ಲೂ ಅದೇ ಸಾಲು: "ಇಶ್ ಫಾರೆ ಮೋರ್ಗೆನ್ ಮಿಟ್ ಡೇಮ್ ಟ್ಸೂಕ್ ನಾಖ್ ಮೈಸೂರು". ಇಂಗ್ಲಿಷಿನಲ್ಲಿ ಯೋಚಿಸಿದವರು ಮೈಸೂರನ್ನು ಮೊದಲು ಹೇಳಿ, ನಾಳೆಯನ್ನು ಬಾಲಕ್ಕೆ ಕಟ್ಟುತ್ತಾರೆ. ಜರ್ಮನ್ ಮೇಷ್ಟ್ರುಗಳು ಇದಕ್ಕೆ "ಟೆಕಾಮೊಲೊ" ಎಂಬ ಗುಟ್ಟಿನ ಪದ ಹೇಳಿಕೊಡುತ್ತಾರೆ: ಸಮಯ, ಕಾರಣ, ರೀತಿ, ಜಾಗ. ನೆನಪಿಟ್ಟುಕೊಳ್ಳಿ, ಆದರೆ ನಮಗೆ ಅದು ಅಷ್ಟು ಬೇಕಾಗಿಲ್ಲ. ಕನ್ನಡ ವಾಕ್ಯವನ್ನು ಸಹಜವಾಗಿ ಹೇಳಿದರೆ ಸಾಲು ತಾನಾಗಿ ಬರುತ್ತದೆ.

ಇನ್ನು ವೈಲ್ (ಏಕೆಂದರೆ), ಡಾಸ್, ವೆನ್ ("ಬಂದರೆ" ಎನ್ನುವಾಗಿನ "ರೆ"), ಓಬ್ವೋಲ್ (ಆದರೂ) ಇವು ಬಂದಾಗ ಕ್ರಿಯಾಪದ ಕೊನೆಗೆ ಓಡುತ್ತದೆ. ಇಲ್ಲಿ ಡಾಸ್ ಅಂದರೆ ಎರಡು ಎಸ್ ಇರುವ ಡಾಸ್, ನಮ್ಮ "ಎಂದು". ಇಂಗ್ಲಿಷ್ ಬಲ್ಲವರಿಗೆ ಇದು ದೊಡ್ಡ ತಲೆನೋವು. ಕನ್ನಡಿಗರಿಗೆ ತಲೆನೋವಾಗಬೇಕಾಗಿಲ್ಲ. ನಮ್ಮ ಕ್ರಿಯಾಪದ ಯಾವಾಗಲೂ ಕೊನೆಗೇ ಇರುತ್ತದಲ್ಲ! "ವೈಲ್ ಇಶ್ ನಾಖ್ ಹೌಝೆ ಗೇಎನ್ ಮುಸ್". ಬಿಡಿಸಿ ನೋಡಿ: ನಾನು, ಮನೆಗೆ, ಹೋಗ, ಬೇಕು. "ಹೋಗಬೇಕು" ಎನ್ನುವುದರ ಒಳಗಿನ ಸಾಲು ಕೂಡ ಹಾಗೇ ಇದೆ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಾಗ ಕ್ಲಾಸಿನ ಮುಖಗಳು ಅರಳುವುದನ್ನು ನೋಡುವುದು ನನಗೆ ತುಂಬ ಇಷ್ಟ.

ಆದರೆ ಇಲ್ಲೇ ಒಂದು ತಪ್ಪು ನಮ್ಮದೇ ಆದದ್ದು. ಕನ್ನಡದಲ್ಲಿ ನಾವು ಕಾರಣವನ್ನು ಮೊದಲು ಹೇಳುತ್ತೇವೆ: ಹುಷಾರಿಲ್ಲದೆ ಇರುವುದರಿಂದ ಮನೆಯಲ್ಲೇ ಇರ್ತೀನಿ. ಅದೇ ಅಭ್ಯಾಸದಲ್ಲಿ "ವೈಲ್ ಇಶ್ ಕ್ರಾಂಕ್ ಬಿನ್" ಎಂದು ಸರಿಯಾಗಿ ಶುರು ಮಾಡಿ, ಮುಂದೆ "ಇಶ್ ಬ್ಲೈಬೆ ಟ್ಸೂ ಹೌಝೆ" ಎಂದು ಬರೆದುಬಿಡುತ್ತೇವೆ. ಮೊದಲ ಉಪವಾಕ್ಯ ಪೂರ್ತಿ ಒಂದು ಜಾಗ ಎಂದು ಲೆಕ್ಕ. ಹಾಗಾಗಿ ಮುಂದೆ ಕ್ರಿಯಾಪದವೇ ಬರಬೇಕು: "ವೈಲ್ ಇಶ್ ಕ್ರಾಂಕ್ ಬಿನ್, ಬ್ಲೈಬೆ ಇಶ್ ಟ್ಸೂ ಹೌಝೆ". ಅಲ್ಪವಿರಾಮದ ಆಚೆ ಈಚೆ ಎರಡೂ ಕಡೆ ಕ್ರಿಯಾಪದ. ಬರೆದು ಮುಗಿಸಿದ ಮೇಲೆ ಅಲ್ಪವಿರಾಮಕ್ಕೆ ಬೆರಳಿಟ್ಟು ನೋಡಿಕೊಳ್ಳಿ.

ಜರ್ಮನ್ನರ ಮಾತಿನಲ್ಲಿ ವೈಲ್ ಆದಮೇಲೆ ಕ್ರಿಯಾಪದ ಎರಡನೇ ಜಾಗದಲ್ಲೇ ಇರುವುದು ಕೆಲವೊಮ್ಮೆ ಕಿವಿಗೆ ಬೀಳುತ್ತದೆ. ಅದು ಆಡುಮಾತು. ಪರೀಕ್ಷೆಯಲ್ಲಿ ಬರೆದರೆ ತಪ್ಪು. ಕ್ರಿಯಾಪದದ ಜಾಗ ಬದಲಿಸಲು ಇಷ್ಟವಿಲ್ಲದಿದ್ದರೆ ವೈಲ್ ಬದಲು ಡೆನ್ ಬಳಸಿ.

ವಾಕ್ಯದಲ್ಲಿ ಎರಡು ತುಂಡಾಗುವ ಕ್ರಿಯಾಪದಗಳ ಬಾಲ ಮರೆಯುವುದು ಇನ್ನೊಂದು ತಪ್ಪು. "ಇಶ್ ರೂಫೆ ಡಿಶ್ ಮೋರ್ಗೆನ್ ಆನ್" ಎನ್ನುವುದರಲ್ಲಿ ಕೊನೆಯ "ಆನ್" ಬಿಟ್ಟರೆ ಫೋನ್ ಮಾಡುವ ಅರ್ಥ ಹೋಗಿ ಕೂಗಿ ಕರೆಯುವ ಅರ್ಥ ಬರುತ್ತದೆ. ಇಂಥ ಕ್ರಿಯಾಪದ ಬರೆದ ತಕ್ಷಣ ವಾಕ್ಯದ ಕೊನೆಗೆ ಹೋಗಿ ಬಾಲವನ್ನು ಮೊದಲೇ ಬರೆದುಬಿಡಿ. ನಡುವಿನ ಜಾಗ ಆಮೇಲೆ ತುಂಬಿ. ಕೈಬರಹದ ಪರೀಕ್ಷೆಯಲ್ಲಿ ಇದು ಬಹಳ ಜನಕ್ಕೆ ಉಪಯೋಗಕ್ಕೆ ಬಂದಿದೆ.

ಹೆಜ್ಜೆ 3: ಪದವನ್ನು ಒಂಟಿಯಾಗಿ ಕಲಿಯಬೇಡಿ

ಲಿಂಗದ ವಿಷಯದಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥಕ್ಕೆ ಸೇರಿದ್ದು. ಹುಡುಗ ಬಂದ, ಹುಡುಗಿ ಬಂದಳು, ಬಸ್ಸು ಬಂತು. ವಸ್ತುವೆಲ್ಲ "ಅದು". ಜರ್ಮನ್‌ನಲ್ಲಿ ಲ್ಯಾಪ್‌ಟಾಪ್ ಪುಲ್ಲಿಂಗ, ಅದರ ಮುಂದೆ ಲಿಂಗ ತೋರಿಸುವ ಪುಟ್ಟ ಪದ ಡೇರ್. ಚೀಲ ಸ್ತ್ರೀಲಿಂಗ, "ಡೀ ಟಾಶೆ". ಮೊಬೈಲ್ ನಪುಂಸಕ, "ಡಾಸ್ ಹೆಂಡಿ". ನಿಮ್ಮ ಮೇಜಿನ ಮೇಲಿನ ಮೂರು ವಸ್ತು, ಮೂರು ಲಿಂಗ. ನಮ್ಮ ಕಥೆಗಳಲ್ಲಿ ಸೂರ್ಯ ಚಂದ್ರ ಇಬ್ಬರೂ ಗಂಡಸರು. ಅಲ್ಲಿ ಸೂರ್ಯ ಹೆಣ್ಣು, "ಡೀ ಝೊನೆ". ಚಂದ್ರ ಗಂಡು, "ಡೇರ್ ಮೋಂಟ್". ಹುಡುಗಿ ಎನ್ನುವ "ಮೇಡ್‌ಶೆನ್" ನಪುಂಸಕ. ಯಾಕೆ ಎಂದು ಕೇಳುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ. ಕೊನೆಯಲ್ಲಿ ಶೆನ್ ಇದ್ದರೆ ನಪುಂಸಕ, ಅಷ್ಟೇ.

ಪದದ ಬಾಲ ನೋಡಿ ಹೇಳಬಹುದಾದವು ಬೇಕಾದಷ್ಟಿವೆ. ವಿಶ್ವವಿದ್ಯಾಲಯದ ಪದಗಳಲ್ಲಂತೂ ಇನ್ನೂ ಸುಲಭ. ಉಂಗ್, ಹೈಟ್, ಕೈಟ್, ಶಾಫ್ಟ್, ಟ್ಸಿಯೋನ್, ಟೇಟ್ ಎಂದು ಮುಗಿದರೆ ಡೀ: ಪ್ರ್ಯೂಫುಂಗ್, ಫೋರ್‌ಲೇಝುಂಗ್, ಉನಿವೆರ್ಝಿಟೇಟ್. ಉಮ್ ಎಂದು ಮುಗಿದರೆ ಡಾಸ್: ಶ್ಟೂಡಿಯುಮ್, ಪ್ರಾಕ್ಟಿಕುಮ್, ಡಾಟುಮ್. ಇಸ್ಮುಸ್, ಲಿಂಗ್, ಓರ್ ಎಂದರೆ ಡೇರ್: ಪ್ರೊಫೆಸೊರ್, ಮೋಟೊರ್. ಎರಡು ಮೂರು ಪದ ಅಂಟಿಕೊಂಡಿದ್ದರೆ ಕೊನೆಯ ಪದದ ಲಿಂಗವೇ ಇಡೀ ಪದಕ್ಕೆ.

ಉಳಿದವಕ್ಕೆ ಒಂದೇ ದಾರಿ. "ಟಿಶ್" ಎಂದು ಕಲಿಯಬೇಡಿ. "ಡೇರ್ ಟಿಶ್, ಡೀ ಟಿಶೆ" ಎಂದು ಬಹುವಚನ ಸಮೇತ ಒಂದೇ ಉಸಿರಿನಲ್ಲಿ ಕಲಿಯಿರಿ. ನಾವು ಚಿಕ್ಕವರಿದ್ದಾಗ ಮಗ್ಗಿ ಹೇಳುತ್ತಿದ್ದ ಹಾಗೆ, ಬಾಯಿ ಬಿಟ್ಟು ಜೋರಾಗಿ. ಮೂರು ಬಣ್ಣದ ಪೆನ್ನು ಇಟ್ಟುಕೊಂಡರೆ ಕಣ್ಣಿಗೂ ನೆನಪಿರುತ್ತದೆ.

ಲಿಂಗ ಗೊತ್ತಿದ್ದವರೂ ಜಾರುವ ಜಾಗ ಸರ್ವನಾಮ. ಕೀಲಿ ಎಲ್ಲಿದೆ, "ವೋ ಇಸ್ಟ್ ಡೇರ್ ಶ್ಲ್ಯೂಸೆಲ್" ಎಂದು ಸರಿಯಾಗಿ ಕೇಳುತ್ತಾರೆ. ಉತ್ತರ ಮಾತ್ರ "ಎಸ್ ಇಸ್ಟ್ ಹೀರ್". ಕೀಲಿ ಪುಲ್ಲಿಂಗವಾದ್ದರಿಂದ "ಏರ್ ಇಸ್ಟ್ ಹೀರ್" ಎನ್ನಬೇಕು. ನಮಗೆ ಅದು "ಅವನು ಇಲ್ಲಿದ್ದಾನೆ" ಎಂದಂತೆ ಕೇಳಿ ವಿಚಿತ್ರ ಎನಿಸುತ್ತದೆ. ರೂಢಿಯಾಗಲು ಎರಡು ವಾರ ಸಾಕು. ಕೈಗೆ ಸಿಕ್ಕ ವಸ್ತುವನ್ನೆಲ್ಲ ಏರ್, ಝೀ, ಎಸ್ ಎಂದು ಕರೆಯುತ್ತಾ ಹೋಗಿ.

ಹೆಜ್ಜೆ 4: ಎಲ್ಲಿ, ಎಲ್ಲಿಗೆ ಎಂದು ಕೇಳಿಕೊಳ್ಳಿ

ಅಕುಸಾಟಿವ್ ನಮ್ಮ ದ್ವಿತೀಯಾ ವಿಭಕ್ತಿ. ಇದರಲ್ಲಿ ಬದಲಾಗುವುದು ಪುಲ್ಲಿಂಗ ಏಕವಚನ ಮಾತ್ರ. ಡೇರ್ ಹೋಗಿ ಡೇನ್, ಐನ್ ಹೋಗಿ ಐನೆನ್. ಇಷ್ಟೇ ಆದರೂ "ಇಶ್ ಹಾಬೆ ಐನ್ ಬ್ರೂಡರ್" ಎಂಬ ತಪ್ಪು ಪ್ರತಿ ಬ್ಯಾಚಿನಲ್ಲೂ ಕಾಣುತ್ತೇನೆ. "ಐನೆನ್ ಬ್ರೂಡರ್" ಆಗಬೇಕು. ಇದಕ್ಕೆ ನಮ್ಮ ಆಡುಮಾತೂ ಸ್ವಲ್ಪ ಕಾರಣ. ಪುಸ್ತಕ ಓದಿದೆ, ಕಾಫಿ ಕುಡಿದೆ ಎನ್ನುತ್ತೇವೆ. ಪುಸ್ತಕವನ್ನು, ಕಾಫಿಯನ್ನು ಎಂದು ಎಳೆಯುವುದಿಲ್ಲ. ಆದ್ದರಿಂದ ಜರ್ಮನ್ ಬರೆಯುವಾಗ ಕನ್ನಡ ವಾಕ್ಯಕ್ಕೆ "ಅನ್ನು" ಸೇರಿಸಿ ಓದಿ ನೋಡಿ. ಸೇರಿಸಲು ಆದರೆ ಅದು ಅಕುಸಾಟಿವ್.

ಮುಂದಿನದು ವಿಶೇಷವಾಗಿ ಕನ್ನಡಿಗರು ಗಮನಿಸಬೇಕಾದದ್ದು. ಆನ್, ಔಫ್, ಹಿಂಟರ್, ಇನ್, ನೇಬೆನ್, ಯೂಬರ್, ಉಂಟರ್, ಫೋರ್, ಟ್ಸ್ವಿಶೆನ್. ಒಳಗೆ, ಮೇಲೆ, ಪಕ್ಕದಲ್ಲಿ ಎಂದು ಜಾಗ ಹೇಳುವ ಈ ಒಂಬತ್ತು ಪದಗಳು ಕೆಲವೊಮ್ಮೆ ಅಕುಸಾಟಿವ್, ಕೆಲವೊಮ್ಮೆ ಡಾಟಿವ್ ತೆಗೆದುಕೊಳ್ಳುತ್ತವೆ. ಎಲ್ಲಿಗೆ ಎಂದು ಕೇಳಿದರೆ ಅಕುಸಾಟಿವ್: ಲೈಬ್ರರಿಗೆ ಹೋಗ್ತೀನಿ, "ಇನ್ ಡೀ ಬಿಬ್ಲಿಯೋಟೇಕ್". ಎಲ್ಲಿ ಎಂದು ಕೇಳಿದರೆ ಡಾಟಿವ್: ಲೈಬ್ರರಿಯಲ್ಲಿ ಇದ್ದೀನಿ, "ಇನ್ ಡೇರ್ ಬಿಬ್ಲಿಯೋಟೇಕ್". ತೊಂದರೆ ಏನೆಂದರೆ ನಮ್ಮ "ಲೈಬ್ರರಿಗೆ" ಚತುರ್ಥಿ. ಚತುರ್ಥಿ ಅಂದರೆ ಡಾಟಿವ್ ಎಂದು ಹೆಜ್ಜೆ 1ರಲ್ಲಿ ಕಲಿತವರು ಇಲ್ಲಿಯೂ ಡಾಟಿವ್ ಹಾಕಿಬಿಡುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಈ ಒಂಬತ್ತು ಪದಗಳ ಜೊತೆ, ಜಾಗಕ್ಕೆ "ಗೆ" ಬಂದರೆ ಅಕುಸಾಟಿವ್. ಈ ಒಂದು ಸಾಲನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಮೇಜಿನ ಮೇಲೆ ಇಡು, ಮೇಜಿನ ಮೇಲೆ ಇದೆ. ಕನ್ನಡದಲ್ಲಿ ಎರಡೂ "ಮೇಲೆ". "ಗೆ" ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ವಸ್ತುವಿನ ಜಾಗ ಬದಲಾಯಿತಾ ಎಂದು ಕೇಳಿ. ಬದಲಾದರೆ "ಇಶ್ ಲೇಗೆ ಡಾಸ್ ಬೂಖ್ ಔಫ್ ಡೇನ್ ಟಿಶ್". ಸುಮ್ಮನೆ ಅಲ್ಲೇ ಇದ್ದರೆ "ಡಾಸ್ ಬೂಖ್ ಲೀಗ್ಟ್ ಔಫ್ ಡೇಮ್ ಟಿಶ್".

ಔಸ್, ಬೈ, ಮಿಟ್, ನಾಖ್, ಝೈಟ್, ಫೊನ್, ಟ್ಸೂ ಇವಕ್ಕೆ ಯಾವಾಗಲೂ ಡಾಟಿವ್. ಡುರ್ಶ್, ಫ್ಯೂರ್, ಗೇಗೆನ್, ಓನೆ, ಉಮ್ ಇವಕ್ಕೆ ಯಾವಾಗಲೂ ಅಕುಸಾಟಿವ್. ಇಲ್ಲಿ ಯೋಚನೆ ಮಾಡುವುದಕ್ಕೇನೂ ಇಲ್ಲ. ಬಾಯಿಪಾಠ ಮಾಡಿ.

ಹೆಜ್ಜೆ 5: ಕಾಲ

"ಇಶ್ ಬಿನ್ ಲೆರ್ನೆನ್" ಎಂದು ಬರೆಯಬೇಡಿ. ಓದ್ತಿದ್ದೀನಿ ಎನ್ನುವುದಕ್ಕೆ ಜರ್ಮನ್‌ನಲ್ಲಿ ಬೇರೆ ರೂಪ ಇಲ್ಲ. "ಇಶ್ ಲೆರ್ನೆ" ಸಾಕು. ಈಗಲೇ ಎಂದು ಒತ್ತಿ ಹೇಳಬೇಕಾದರೆ "ಗೆರಾಡೆ" ಸೇರಿಸಿ.

ಎರಡು ವರ್ಷದಿಂದ ಬೆಂಗಳೂರಲ್ಲಿ ಇದ್ದೀನಿ. ಕನ್ನಡದಲ್ಲಿ ವರ್ತಮಾನ. ಜರ್ಮನ್‌ನಲ್ಲೂ ವರ್ತಮಾನ: "ಇಶ್ ವೋನೆ ಝೈಟ್ ಟ್ಸ್ವೈ ಯಾರೆನ್ ಇನ್ ಬೆಂಗಳೂರು". ಇಂಗ್ಲಿಷ್ ಮಾತ್ರ ಇಲ್ಲಿ ಬೇರೆ ಕಾಲ ಕೇಳುತ್ತದೆ. ಚೆನ್ನಾಗಿ ಇಂಗ್ಲಿಷ್ ಬಲ್ಲವರೇ ಇದರಲ್ಲಿ ಜಾಸ್ತಿ ತಪ್ಪು ಮಾಡುತ್ತಾರೆ ಎನ್ನುವುದನ್ನು ಗಮನಿಸಿದ್ದೇನೆ.

"ಇಶ್ ವಿಲ್" ಅಂದರೆ ಮುಂದೆ ಮಾಡುತ್ತೇನೆ ಎಂದಲ್ಲ. ನನಗೆ ಮಾಡಬೇಕೆಂದಿದೆ ಎಂದು. ಭವಿಷ್ಯಕ್ಕೆ ವರ್ತಮಾನ ರೂಪವೇ ಆಗುತ್ತದೆ, ನಾವು "ನಾಳೆ ಬರ್ತೀನಿ" ಎನ್ನುವ ಹಾಗೆ: "ಇಶ್ ಕೊಮೆ ಮೋರ್ಗೆನ್".

ಭೂತಕಾಲದಲ್ಲಿ ಹಾಬೆ ಬೇಕೋ ಬಿನ್ ಬೇಕೋ ಎನ್ನುವ ಗೊಂದಲ ಎಲ್ಲರಿಗೂ. "ಇಶ್ ಹಾಬೆ ಗೆಗಾಂಗೆನ್" ತಪ್ಪು, "ಇಶ್ ಬಿನ್ ಗೆಗಾಂಗೆನ್" ಸರಿ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋದರೆ, ಅಥವಾ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾದರೆ ಬಿನ್. ಹೋದೆ, ಬಂದೆ, ಹಾರಿದೆ, ಎದ್ದೆ, ನಿದ್ದೆಗೆ ಜಾರಿದೆ. ಇದಕ್ಕೆ ಸೇರದ ಎರಡು ಪದಗಳೂ ಬಿನ್ ಬೇಡುತ್ತವೆ: ಇರುವುದು, "ಗೆವೇಝೆನ್", ಮತ್ತು ಉಳಿಯುವುದು, "ಗೆಬ್ಲೀಬೆನ್". ಇನ್ನು ಎಲ್ಲದಕ್ಕೂ "ಗೆ" ಅಂಟಿಸುವ ಚಟ ಬಿಡಿ. ಈರೆನ್ ಎಂದು ಮುಗಿಯುವ ಕ್ರಿಯಾಪದಕ್ಕೆ ಅದು ಬರುವುದಿಲ್ಲ: "ಶ್ಟುಡೀರ್ಟ್". ಬೆ, ಫೆರ್, ಎರ್, ಎಂಟ್ ಎಂದು ಶುರುವಾಗುವವಕ್ಕೂ ಇಲ್ಲ: "ಫೆರ್‌ಶ್ಟಾಂಡೆನ್", "ಬೆಝೂಖ್ಟ್".

ಗಡಿಯಾರದ ಮಾತು ವ್ಯಾಕರಣಕ್ಕೆ ನೇರವಾಗಿ ಸೇರಿದ್ದಲ್ಲ. ಆದರೂ ಹೇಳಲೇಬೇಕು. "ಹಾಲ್ಪ್ ಡ್ರೈ" ಅಂದರೆ ಮೂರೂವರೆ ಅಲ್ಲ, ಎರಡೂವರೆ. ಮೂರರ ಕಡೆಗೆ ಅರ್ಧ ನಡೆದಿದೆ ಎಂದು ಅವರ ಲೆಕ್ಕ. ಜರ್ಮನಿಯಲ್ಲಿದ್ದಾಗ ನಾನು ಒಂದು ಕಚೇರಿಗೆ ಈ ಕಾರಣಕ್ಕೆ ಒಂದು ಗಂಟೆ ತಡವಾಗಿ ಹೋಗಿ, ಇನ್ನೊಂದು ವಾರ ಕಾಯಬೇಕಾಯಿತು. ಇಪ್ಪತ್ತೊಂದು ಎನ್ನುವುದೂ ಅಲ್ಲಿ ಒಂದು-ಮತ್ತು-ಇಪ್ಪತ್ತು, "ಐನುಂಟ್ಸ್ವಾನ್ಟ್ಸಿಶ್". ಫೋನ್ ನಂಬರ್ ಬರೆದುಕೊಳ್ಳುವಾಗ ಒಂದೊಂದೇ ಅಂಕಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ಹೆಜ್ಜೆ 6: ಇಂಗ್ಲಿಷ್ ಕೂಡಿಸಿದ್ದನ್ನು ಕನ್ನಡದಿಂದ ಬಿಡಿಸಿ

ಇಂಗ್ಲಿಷಿನಲ್ಲಿ ಒಂದೇ ಪದ ಇರುವ ಕಡೆ ಜರ್ಮನ್‌ನಲ್ಲಿ ಎರಡು ಮೂರು ಇರುತ್ತವೆ. ಕನ್ನಡದಲ್ಲೂ ಇರುತ್ತವೆ. ಪ್ರಶ್ನೆಯ "ಯಾವಾಗ" ಎನ್ನಲು "ವಾನ್": "ವಾನ್ ಕೊಮ್ಸ್ಟ್ ಡೂ". ಹಿಂದೆ ಒಮ್ಮೆ ಆಗಿಹೋದ "ಇದ್ದಾಗ" ಎನ್ನಲು "ಆಲ್ಸ್": ನಾನು ಚಿಕ್ಕವನಿದ್ದಾಗ, "ಆಲ್ಸ್ ಇಶ್ ಕ್ಲೈನ್ ವಾರ್". ಮಳೆ ಬಂದರೆ, ಮಳೆ ಬಂದಾಗಲೆಲ್ಲ ಎನ್ನಲು "ವೆನ್": "ವೆನ್ ಎಸ್ ರೇಗ್ನೆಟ್". ಬಾಯಲ್ಲಿ ಕನ್ನಡ ವಾಕ್ಯ ಹೇಳಿಕೊಂಡರೆ ಮೂರರಲ್ಲಿ ಯಾವುದು ಎಂದು ತಾನೇ ತಿಳಿಯುತ್ತದೆ.

ಗೊತ್ತು ಮತ್ತು ಪರಿಚಯ ಹಾಗೆಯೇ. ವಿಷಯ ಗೊತ್ತಿದ್ದರೆ "ವಿಸೆನ್", ಮನುಷ್ಯರೋ ಊರೋ ಪರಿಚಯವಿದ್ದರೆ "ಕೆನೆನ್". ಪರೀಕ್ಷೆಗೆ ಓದುವುದು "ಲೆರ್ನೆನ್". "ಶ್ಟುಡೀರೆನ್" ಅಂದರೆ ವಿಶ್ವವಿದ್ಯಾಲಯದಲ್ಲಿ ಒಂದು ವಿಷಯ ತೆಗೆದುಕೊಂಡು ಪದವಿಗೆ ಓದುವುದು. ನಾಳಿನ ಟೆಸ್ಟಿಗೆ "ಇಶ್ ಶ್ಟುಡೀರೆ" ಎಂದರೆ ಹೊಂದುವುದಿಲ್ಲ. ನಾನು ವಿದ್ಯಾರ್ಥಿ ಎನ್ನಲು "ಇಶ್ ಬಿನ್ ಶ್ಟುಡೆಂಟ್" ಸಾಕು, ಹುಡುಗಿಯರಾದರೆ "ಶ್ಟುಡೆಂಟಿನ್". ನಾವು "ನಾನು ಒಂದು ವಿದ್ಯಾರ್ಥಿ" ಎನ್ನುವುದಿಲ್ಲ ಅಲ್ವಾ? ಅವರೂ ಹಾಗೆ ಅನ್ನುವುದಿಲ್ಲ.

ನೀನು ಎಂದರೆ "ಡೂ", ಗೌರವದ ನೀವು ಎಂದರೆ "ಝೀ". ಮೇಷ್ಟ್ರಿಗೆ ಝೀ, ಜೊತೆಗಾರರಿಗೆ ಡೂ. ಇದರಲ್ಲಿ ನಮ್ಮವರು ತಪ್ಪುವುದು ಕಡಿಮೆ. ತಪ್ಪುವುದು ಮೂರನೇ ಪದದಲ್ಲಿ. ಗೆಳೆಯರ ಗುಂಪನ್ನು "ನೀವೆಲ್ಲ ಬರ್ತೀರಾ" ಎಂದು ಕೇಳುವಾಗ ಝೀ ಅಲ್ಲ, "ಈರ್": "ಕೊಮ್ಟ್ ಈರ್". ನಮ್ಮ ನೀವು ಎರಡು ಕೆಲಸ ಮಾಡುತ್ತದೆ. ಅಲ್ಲಿ ಅದಕ್ಕೆ ಇಬ್ಬರು ಬೇರೆ ಬೇರೆ.

ಇನ್ನೊಂದು ನಮ್ಮದೇ ತಪ್ಪು. "ನೀನು ಬರಲ್ವಾ?" ಎಂದು ಕೇಳಿದರೆ "ಹೌದು, ಬರಲ್ಲ" ಎನ್ನುತ್ತೇವೆ. ಜರ್ಮನ್‌ನಲ್ಲಿ ಬರುವುದಿಲ್ಲವಾದರೆ "ನೈನ್". ಬರುತ್ತೀರಾದರೆ "ಯಾ" ಅಲ್ಲ, "ಡೊಖ್". ಮೌಖಿಕ ಪರೀಕ್ಷೆಯಲ್ಲಿ ಜೊತೆಗಾರರೊಂದಿಗೆ ಸೇರಿ ಏನಾದರೂ ಯೋಜನೆ ಮಾಡುವಾಗ ಇದು ಬಂದೇ ಬರುತ್ತದೆ.

ನಾಮಪದವನ್ನು ಇಲ್ಲ ಎನ್ನುವಾಗ ನಿಶ್ಟ್ ಬೇಡ, ಕೈನ್ ಬೇಕು: "ಇಶ್ ಹಾಬೆ ಕೈನೆ ಟ್ಸೈಟ್". ಇಲ್ಲ ಮತ್ತು ಅಲ್ಲ ಎಂಬ ನಮ್ಮ ಜೋಡಿಗೂ ಈ ಜೋಡಿಗೂ ಸಂಬಂಧ ಇಲ್ಲ. ಹೊಂದಿಸಲು ಹೋಗಬೇಡಿ.

ಹೆಜ್ಜೆ 7: ಜೋಡಿಯಾಗಿ ಕಲಿಯಬೇಕಾದವು

ನಿನಗಾಗಿ ಕಾಯುತ್ತೇನೆ ಎನ್ನಲು "ಫ್ಯೂರ್" ಹಾಕುತ್ತಾರೆ. ಇಂಗ್ಲಿಷೂ ಕನ್ನಡವೂ ಎರಡೂ ಸೇರಿ ಇಲ್ಲಿ ದಾರಿ ತಪ್ಪಿಸುತ್ತವೆ. "ಇಶ್ ವಾರ್ಟೆ ಔಫ್ ಡಿಶ್" ಸರಿ. ಕಾಯುವುದಕ್ಕೆ ಔಫ್, ನೆನೆಯುವುದಕ್ಕೆ ಆನ್, ಆಸಕ್ತಿಗೆ ಫ್ಯೂರ್, ಭಯಕ್ಕೆ ಫೋರ್. ಇವನ್ನು ಕ್ರಿಯಾಪದದ ಜೊತೆಗೆ ಒಂದು ವಾಕ್ಯವಾಗಿಯೇ ಕಲಿಯಿರಿ. ದಿನಕ್ಕೆ ಎರಡು ಸಾಕು.

ವಿಶೇಷಣದ ಬಾಲಗಳಿಗೆ ಮೊದಲ ವರ್ಷ ತಲೆ ಕೆಡಿಸಿಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ. ಒಳ್ಳೆಯ ಹುಡುಗ, ಒಳ್ಳೆಯ ಚೀಲ, ಒಳ್ಳೆಯ ಪುಸ್ತಕ, ನಮ್ಮಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲಿ ಗೂಟರ್, ಗೂಟೆ, ಗೂಟೆಸ್. ಲಿಂಗ ಮತ್ತು ವಿಭಕ್ತಿ ಗಟ್ಟಿಯಾದರೆ ಬಾಲಗಳು ಹಿಂದೆಯೇ ಬರುತ್ತವೆ. ಅವು ಗಟ್ಟಿಯಾಗದೆ ಬಾಲದ ಕೋಷ್ಟಕ ಬಾಯಿಪಾಠ ಮಾಡಿದರೆ ಕೈಗೇನೂ ಸಿಗುವುದಿಲ್ಲ. ನಾಮಪದದ ನಂತರ ಬಂದರೆ ಬಾಲವೇ ಇಲ್ಲ: "ಡಾಸ್ ಬೂಖ್ ಇಸ್ಟ್ ಗೂಟ್".

ಮಾಸ್ಟರ್ಸ್ ಓದಲು ಹೋಗುವವರಿಗೆ ಒಂದು ಮಾತು. ಜರ್ಮನ್ ಪಠ್ಯಗಳಲ್ಲಿ ನಾಮಪದದ ಮುಂದೆ ಉದ್ದನೆಯ ಸರಕು ಹೇರಿರುತ್ತಾರೆ. ಜರ್ಮನಿಯಿಂದ ಬಂದು ಕನ್ನಡ ಕಲಿತ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನೇ ತೆಗೆದುಕೊಳ್ಳಿ: "ಡಾಸ್ 1894 ಇನ್ ಮಂಗಳೂರು ಎರ್ಶೀನೆನೆ ವೋರ್ಟರ್‌ಬೂಖ್". ಇಂಗ್ಲಿಷ್‌ಗೆ ತಿರುಗಿಸಲು ಹೋದರೆ ವಾಕ್ಯವನ್ನೇ ಮುರಿದು ಕಟ್ಟಬೇಕು. ಕನ್ನಡದಲ್ಲಿ ಹಾಗೇ ಓದಿಕೊಂಡು ಹೋಗಿ: 1894ರಲ್ಲಿ, ಮಂಗಳೂರಿನಲ್ಲಿ, ಪ್ರಕಟವಾದ, ನಿಘಂಟು. ಮೊದಲ "ಡಾಸ್" ಕಂಡ ಕೂಡಲೇ ಅದರ ನಾಮಪದ ಎಲ್ಲಿದೆ ಎಂದು ಮುಂದೆ ಹುಡುಕಿ. ನಡುವೆ ಇರುವುದನ್ನು ನಮ್ಮ "ಬಂದ", "ಹೋದ", "ಬರೆದ" ರೂಪದಲ್ಲಿ ಓದಿ.

ಹೆಜ್ಜೆ 8: ತಿದ್ದುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ

ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಭಾಗ ಮಾಡಿ. ಮೊದಲನೆಯದರಲ್ಲಿ ನೀವು ಬರೆದ ತಪ್ಪು ವಾಕ್ಯ, ಎರಡನೆಯದರಲ್ಲಿ ಸರಿಯಾದ ವಾಕ್ಯ, ಮೂರನೆಯದರಲ್ಲಿ ಅದರ ಕನ್ನಡ. ನಾಲ್ಕನೆಯದರಲ್ಲಿ ತಪ್ಪು ಎಲ್ಲಿಂದ ಬಂತು ಎಂದು ಒಂದೇ ಪದ: ಇಂಗ್ಲಿಷ್, ಕನ್ನಡ, ಅಥವಾ ಮರೆವು. ತಿಂಗಳಿಗೊಮ್ಮೆ ನಾಲ್ಕನೆಯ ಭಾಗ ಎಣಿಸಿ. ಮುಂದಿನ ತಿಂಗಳು ಯಾವುದಕ್ಕೆ ಸಮಯ ಕೊಡಬೇಕೆಂದು ಅದೇ ಹೇಳುತ್ತದೆ.

ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗೋಯ್ತೆ ಸಂಸ್ಥೆಯ ಬಿ1 (ಮಧ್ಯಮ ಹಂತದ) ಪರೀಕ್ಷೆಯಲ್ಲಿ ಬರವಣಿಗೆಗೆ 60 ನಿಮಿಷ, ಬರೆಯಬೇಕಾದ್ದು ಮೂರು ಬರಹ. ಪಾಸಾಗಲು 100ಕ್ಕೆ 60 ಬೇಕು. ಕೊನೆಯ ಹತ್ತು ನಿಮಿಷ ಹೊಸದೇನೂ ಬರೆಯಬೇಡಿ. ಮೂರು ಸುತ್ತು ಓದಿ. ಮೊದಲ ಸುತ್ತಿನಲ್ಲಿ ಕ್ರಿಯಾಪದ ಮಾತ್ರ: ಎರಡನೇ ಜಾಗದಲ್ಲಿ ಇದೆಯಾ, ವೈಲ್ ಇದ್ದರೆ ಕೊನೆಗೆ ಹೋಗಿದೆಯಾ, ಬಾಲ ಬಿಟ್ಟುಹೋಗಿದೆಯಾ. ಎರಡನೇ ಸುತ್ತಿನಲ್ಲಿ ಮಿಟ್, ಇನ್, ಔಫ್ ಮುಂತಾದವುಗಳ ಪಕ್ಕದ ಡೇನ್, ಡೇಮ್ ಮಾತ್ರ. ಮೂರನೇ ಸುತ್ತಿನಲ್ಲಿ ದೊಡ್ಡಕ್ಷರ ಮತ್ತು ವಿಶೇಷಣದ ಬಾಲ. ಎಲ್ಲವನ್ನೂ ಒಂದೇ ಸಲ ಹುಡುಕಲು ಹೋದರೆ ಕಣ್ಣಿಗೆ ಏನೂ ಬೀಳುವುದಿಲ್ಲ. ಸಮಯ ಸಾಲದಿದ್ದರೆ ಮೂರನೇ ಸುತ್ತು ಬಿಡಿ, ಮೊದಲನೆಯದನ್ನು ಬಿಡಬೇಡಿ.